ಕಾರು ದಾರಿಯಲ್ಲಿ ನಿಂತರೆ ಯಾರನ್ನು ಕರೆಯೋದು? ವಿಮೆಯ ಆರ್‌ಎಸ್‌ಎ, ಶೋರೂಂ ಆರ್‌ಎಸ್‌ಎ, ಬಿಡಿ ಪ್ಯಾಕೇಜ್: ಒಂದು ಹೋಲಿಕೆ

ಕಾರಿನ ಇನ್ಶೂರೆನ್ಸ್ ರಿನ್ಯೂವಲ್ ಹತ್ತಿರ ಬಂದಾಗ ಏಜೆಂಟ್ ಫೋನ್ ಮಾಡಿ ಕೇಳುತ್ತಾರೆ: "ಆರ್‌ಎಸ್‌ಎ ಹಾಕ್ಲಾ ಸರ್?" ಆರ್‌ಎಸ್‌ಎ ಅಂದರೆ ರೋಡ್ ಸೈಡ್ ಅಸಿಸ್ಟೆನ್ಸ್. ಕಾರು ದಾರಿ ಮಧ್ಯೆ ಕೆಟ್ಟು ನಿಂತರೆ ಅಲ್ಲಿಗೇ ಬಂದು ಸರಿ ಮಾಡುತ್ತಾರೆ, ಆಗದಿದ್ದರೆ ಗ್ಯಾರೇಜಿಗೆ ಒಯ್ಯುತ್ತಾರೆ. ಬಹಳ ಜನ "ಬೇಡ ಬಿಡಿ, ಅದನ್ನ ತೆಗೆದ್ರೆ ಎಷ್ಟಾಗುತ್ತೆ ಹೇಳಿ" ಅಂದುಬಿಡುತ್ತಾರೆ. ಇನ್ನು ಕೆಲವರು ಏನೂ ಕೇಳದೆ ಹೂಂ ಅನ್ನುತ್ತಾರೆ.

ದಾವಣಗೆರೆಯ ನಮ್ಮ ಮನೆಯಲ್ಲಿ ಎರಡು ಕಾರಿವೆ, ನನ್ನದೊಂದು, ಅಪ್ಪನ ಹಳೇದೊಂದು. ಚಿತ್ರದುರ್ಗದಲ್ಲಿರುವ ಅಕ್ಕ–ಭಾವನ ಮನೆಯಲ್ಲಿ ಒಂದು ಹೊಸ ಕಾರಿದೆ. ನನ್ನದಕ್ಕೆ ವಿಮೆಯ ಜೊತೆಗೇ ತಗೊಂಡ ಆರ್‌ಎಸ್‌ಎ, ಭಾವನ ಕಾರಿಗೆ ಕಾರು ಕಂಪನಿಯದ್ದು, ಅಪ್ಪನ ಕಾರಿಗೆ ಬೇರೆ ಕಡೆ ದುಡ್ಡು ಕಟ್ಟಿ ತಗೊಂಡ ಬಿಡಿ ಪ್ಯಾಕೇಜ್. ಮೂರನ್ನೂ ರಸ್ತೆ ಬದಿ ನಿಂತು ಕರೆದು ನೋಡಿದ್ದೇನೆ. ಕರಪತ್ರದಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ರಸ್ತೆಯಲ್ಲಿ ಹಾಗಿಲ್ಲ.

ಹೋಲಿಕೆಗೆ ಮೊದಲು ಒಂದು ಮಾತು. "ನಂದು ಫುಲ್ ಇನ್ಶೂರೆನ್ಸ್, ಬಂಪರ್ ಟು ಬಂಪರ್, ಇನ್ನೇನು ಬೇಕು?" ಅನ್ನುವವರು ಸುತ್ತಮುತ್ತ ಬೇಕಾದಷ್ಟು ಇದ್ದಾರೆ. ಆದರೆ ಕಾರಿನ ಸಾಮಾನ್ಯ ಪಾಲಿಸಿ ಇರುವುದು ಅಪಘಾತ, ಕಳ್ಳತನ, ಬೆಂಕಿ, ನೆರೆ ಇಂಥದ್ದಕ್ಕೆ. ಕ್ಲಚ್ ಹೋಯಿತು, ಬ್ಯಾಟರಿ ಸತ್ತಿತು, ಸೆಲ್ಫ್ ಹೊಡೆಯುತ್ತಿಲ್ಲ ಅಂದರೆ ಅದು ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್ ಬ್ರೇಕ್‌ಡೌನ್. ಪಾಲಿಸಿಯ ಷರತ್ತಿನಲ್ಲೇ ಅದನ್ನು ಹೊರಗಿಟ್ಟಿರುತ್ತಾರೆ. ಅಪಘಾತವಾದಾಗ ಕಾರನ್ನು ಹತ್ತಿರದ ಗ್ಯಾರೇಜಿಗೆ ಸಾಗಿಸೋಕೆ ಮಾಮೂಲಿ ಪಾಲಿಸಿ ಕೊಡುವುದು 1,500 ರೂಪಾಯಿವರೆಗೆ, ಅಷ್ಟೇ. ಹೈವೇಯಲ್ಲಿ ಕ್ರೇನ್ ಕರೆಸಿದವರಿಗೆ ಗೊತ್ತು, ಆ ದುಡ್ಡು ಎಲ್ಲಿಗೆ ಸಾಲುತ್ತೆ ಅಂತ.

ಹೊಸ ಕಾರು ತಗೊಂಡವರಲ್ಲಿ ಇನ್ನೊಂದು ಗೊಂದಲ ಇದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಇರುವ ವಿಮೆ, ಒಟ್ಟಿಗೇ ಕಟ್ಟಬೇಕು. ಹಾಗಾಗಿ ಎಲ್ಲವೂ ಮೂರು ವರ್ಷ ಇರುತ್ತೆ ಅಂದುಕೊಂಡುಬಿಡುತ್ತಾರೆ. ನಮ್ಮ ಕಾರಿನ ಡ್ಯಾಮೇಜ್‌ಗೆ ಇರುವ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಆರ್‌ಎಸ್‌ಎ ಅದರ ಜೊತೆ ಬರುವ ಆಡ್-ಆನ್. ಅದು ಮುಗಿದರೆ ಇದೂ ಮುಗಿಯಿತು.

ಈಗ ನನ್ನ ಕಾರಿನ ವಿಷಯ. ಆರ್‌ಎಸ್‌ಎಗೆ ಅಂತ ನನಗೆ ಬಿದ್ದದ್ದು ಕೆಲವೇ ನೂರು ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ಚಿತ್ರದುರ್ಗದಿಂದ ವಾಪಸ್ ಬರುವಾಗ ಭರಮಸಾಗರ ದಾಟಿದ ಮೇಲೆ ಕ್ಲಚ್ ಕೈಕೊಟ್ಟಿತು. ಪೆಡಲ್ ತುಳಿದರೆ ಕೆಳಗೇ ಹೋಗಿ ಕೂತಿತು, ಮೇಲೆ ಬರಲೇ ಇಲ್ಲ. ಪಾಲಿಸಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಗಾಡಿ ನಂಬರ್, ಪಾಲಿಸಿ ನಂಬರ್ ಕೇಳಿದರು, ಮೊಬೈಲ್‌ಗೆ ಒಂದು ಲಿಂಕ್ ಕಳಿಸಿದರು, ಒತ್ತಿದ ಕೂಡಲೇ ಲೊಕೇಶನ್ ಹೋಯಿತು. ಒಂದೂವರೆ ಗಂಟೆಯೊಳಗೆ ಚಿತ್ರದುರ್ಗ ಕಡೆಯಿಂದ ಫ್ಲಾಟ್ ಬೆಡ್ ಗಾಡಿ ಬಂತು. ಡ್ರೈವರ್ ಇಳಿದವರೇ ಮೊದಲು ನಾಲ್ಕೂ ಕಡೆಯಿಂದ ಕಾರಿನ ಫೋಟೋ ತೆಗೆದುಕೊಂಡರು, ಹಳೇ ಗೀರುಗಳನ್ನು ನನಗೆ ತೋರಿಸಿ ಬರೆದುಕೊಂಡು ಸಹಿ ಮಾಡಿಸಿಕೊಂಡರು. ಆಮೇಲೆ ವಿಂಚ್ ಹಾಕಿ ಕಾರನ್ನು ನಿಧಾನಕ್ಕೆ ಮೇಲೆ ಎಳೆದು, ಚಕ್ರಗಳಿಗೆ ಬೆಲ್ಟ್ ಕಟ್ಟಿದರು. "ಎಲ್ಲಿಗೆ ಬಿಡ್ಲಿ ಸರ್?" ಅಂತ ಕೇಳಿದರು. ನಾನು ದಾವಣಗೆರೆಯಲ್ಲಿ ನನಗೆ ಗೊತ್ತಿರುವ ಗ್ಯಾರೇಜಿನ ಹೆಸರು ಹೇಳಿದೆ, ಅಲ್ಲಿಗೇ ಬಿಟ್ಟರು. ಕೈಯಿಂದ ಟೋಯಿಂಗ್‌ಗೆ ಒಂದು ಪೈಸೆ ಖರ್ಚಾಗಲಿಲ್ಲ. ಕ್ಲಚ್ ಪ್ಲೇಟ್‌ನ ಖರ್ಚು ನನ್ನದೇ, ಅದು ಯಾವ ಆರ್‌ಎಸ್‌ಎಯಲ್ಲೂ ಬರುವುದಿಲ್ಲ.

ಅದೇ ಕಂಪನಿ, ಅದೇ ನಂಬರ್, ಆದರೆ ಜಗಳೂರು ರಸ್ತೆಯಲ್ಲಿ ಕಥೆ ಬೇರೆ ಆಯಿತು. ಸಂಜೆ ಹೊತ್ತು, ಬ್ಯಾಟರಿ ಪೂರ್ತಿ ಡೌನ್. ಕಾಲ್ ಸೆಂಟರ್‌ನವರು ಎಲ್ಲೋ ಬೇರೆ ಊರಲ್ಲಿ ಕೂತಿದ್ದರು. ಪಿನ್ ಕೋಡ್ ಕೇಳಿದರು. ಹತ್ತಿರದ ದೊಡ್ಡ ಹೋಟೆಲ್ ಯಾವುದು ಅಂತ ಕೇಳಿದರು. ಎರಡೂ ಕಡೆ ಮೆಕ್ಕೆಜೋಳದ ಹೊಲ, ನೆಟ್‌ವರ್ಕ್ ಒಂದು ಕಡ್ಡಿ, ಲಿಂಕ್ ತೆರೆದುಕೊಳ್ಳಲಿಲ್ಲ. ಕೊನೆಗೆ ಒಬ್ಬ ಹುಡುಗ ಬೈಕಿನಲ್ಲಿ ಜಂಪರ್ ಕೇಬಲ್ ಮತ್ತು ಸಣ್ಣ ಬ್ಯಾಟರಿ ತಗೊಂಡು ಬಂದ, ಕಾರು ಸ್ಟಾರ್ಟ್ ಆಯಿತು. ಆದರೆ ಅಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ಆ ಹುಡುಗನ ತಪ್ಪೇನಿಲ್ಲ. ಅವನಿಗೆ ಕೆಲಸ ತಲುಪಿದ್ದೇ ತಡವಾಗಿ. ವಿಮಾ ಕಂಪನಿ, ಕಾರು ಕಂಪನಿ, ಬಿಡಿ ಪ್ಯಾಕೇಜ್, ಇವರಲ್ಲಿ ಯಾರೂ ಊರೂರಲ್ಲಿ ತಮ್ಮದೇ ಟೋಯಿಂಗ್ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿರುವುದಿಲ್ಲ. ಆಯಾ ಊರಿನ ಗಾಡಿಯವರ ಜೊತೆ ಒಪ್ಪಂದ ಇರುತ್ತೆ. ಹೈವೇ ಪಕ್ಕದಲ್ಲಿ ಅಂಥವರು ಸಿಗುತ್ತಾರೆ. ಜಗಳೂರು, ಮೊಳಕಾಲ್ಮೂರು ಕಡೆ ಒಳರಸ್ತೆಗೆ ಹೋದರೆ ಅವರು ಬರಬೇಕಾದ ದೂರವೇ ಜಾಸ್ತಿ.

ದೂರದ ಮಾತು ಬಂದದ್ದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ಆರ್‌ಎಸ್‌ಎ ತಗೊಳ್ಳುವಾಗ ನೋಡಬೇಕಾದ ಅತಿ ಮುಖ್ಯ ಸಾಲು ಟೋಯಿಂಗ್ ಎಷ್ಟು ಕಿಲೋಮೀಟರ್ ಉಚಿತ ಅನ್ನೋದು. ಒಂದರಲ್ಲಿ 25 ಇರಬಹುದು, ಇನ್ನೊಂದರಲ್ಲಿ 50, ಮತ್ತೊಂದರಲ್ಲಿ 100. ಅದಕ್ಕಿಂತ ಸೂಕ್ಷ್ಮವಾದದ್ದು, ಆ ಕಿಲೋಮೀಟರ್ ಲೆಕ್ಕ ಎಲ್ಲಿಂದ ಶುರು ಅನ್ನೋದು. ಕೆಲವರು ಕಾರು ನಿಂತ ಜಾಗದಿಂದ ಗ್ಯಾರೇಜಿನವರೆಗೆ ಮಾತ್ರ ಲೆಕ್ಕ ಹಾಕುತ್ತಾರೆ. ಕೆಲವರು ಹೋಗಿ ಬರುವ ದೂರ ಎರಡನ್ನೂ ಸೇರಿಸುತ್ತಾರೆ. ಎರಡನೇ ಥರದ ಷರತ್ತಿದ್ದರೆ 50 ಕಿಲೋಮೀಟರ್ ಅನ್ನೋದು ನಮ್ಮ ಕಡೆ 25ಕ್ಕೆ ಮುಗಿದುಹೋಗುತ್ತೆ. ದೊಡ್ಡ ಊರಲ್ಲಿ ಓಡಾಡುವವರಿಗೆ ಇದು ತಟ್ಟುವುದಿಲ್ಲ, ಅಲ್ವಾ? ದಾವಣಗೆರೆ–ಚಿತ್ರದುರ್ಗದ ನಡುವೆಯೇ ಸುಮಾರು 60 ಕಿಲೋಮೀಟರ್ ಇದೆ.

ಅಪ್ಪನ ಕಾರಿನಲ್ಲಿ ಆದದ್ದು ಇದೇ. ಅದು ಹಳೇ ಕಾರು, ಥರ್ಡ್ ಪಾರ್ಟಿ ವಿಮೆ ಮಾತ್ರ ಇದೆ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಕಡ್ಡಾಯವಾದದ್ದು ಅಷ್ಟೇ. ಆರ್‌ಎಸ್‌ಎ ಆಡ್-ಆನ್ ಸಾಮಾನ್ಯವಾಗಿ ನಮ್ಮ ಕಾರಿನ ಡ್ಯಾಮೇಜ್ ಕೂಡ ಸೇರಿರುವ ಪಾಲಿಸಿ ಇದ್ದವರಿಗೆ ಸಿಗುವಂಥದ್ದು. ಅದಕ್ಕೇ ಆನ್‌ಲೈನ್‌ನಲ್ಲಿ ಒಂದು ಬಿಡಿ ಪ್ಯಾಕೇಜ್ ತಗೊಂಡಿದ್ದು. ಚನ್ನಗಿರಿಯಿಂದ ಬರುವಾಗ ಸಂತೇಬೆನ್ನೂರು ಸಮೀಪ ಇಂಜಿನ್ ಬಿಸಿಯಾಗಿ ನಿಂತಿತು. ಗಾಡಿ ಬಂತು, ಅದರಲ್ಲಿ ದೂರಿಲ್ಲ. ಆದರೆ ಕಾರು ಹತ್ತಿಸುವ ಮೊದಲೇ ಡ್ರೈವರ್ "ಎಕ್ಸ್‌ಟ್ರಾ ಕಿಲೋಮೀಟರ್ ದುಡ್ಡು ಕೊಡ್ಬೇಕು" ಅಂದರು. ಹೋಗೋದು ಬರೋದು ಎರಡೂ ಸೇರಿಸಿದ ಲೆಕ್ಕ ಅದು. ಷರತ್ತಿನ ಪುಟದ ಕೊನೆಯಲ್ಲಿ ಹಾಗೇ ಇತ್ತು, ಮಾರುವಾಗ ತೋರಿಸಿದ ಪುಟದಲ್ಲಿ ಮಾತ್ರ ಇರಲಿಲ್ಲ. ಬಿಸಿಲಲ್ಲಿ ವಯಸ್ಸಾದವರನ್ನು ನಿಲ್ಲಿಸಿಕೊಂಡು ಚೌಕಾಸಿ ಮಾಡೋಕೆ ಯಾರಿಗೂ ಮನಸ್ಸಾಗಲ್ಲ. ಬಂದ ಗಾಡಿ ಫ್ಲಾಟ್ ಬೆಡ್ ಕೂಡ ಅಲ್ಲ, ಮುಂದಿನ ಎರಡು ಚಕ್ರ ಎತ್ತಿ ಎಳೆಯುವಂಥದ್ದು. ಗೇರಿನ ಹಳೇ ಕಾರಿಗೆ ನಡೆಯಿತು. ನಾಲ್ಕೂ ಚಕ್ರಕ್ಕೆ ಇಂಜಿನ್ ಜೋಡಿಸಿರುವ ಗಾಡಿಯನ್ನು ಹಾಗೆ ಎಳೆದರೆ ಕೆಡುತ್ತೆ. ಆಟೋಮ್ಯಾಟಿಕ್, ಎಲೆಕ್ಟ್ರಿಕ್ ಕಾರಿನವರೂ ಫೋನ್ ಮಾಡುವಾಗಲೇ ಫ್ಲಾಟ್ ಬೆಡ್ ಬೇಕು ಅಂತ ಬಾಯಿಬಿಟ್ಟು ಹೇಳಬೇಕು.

ಭಾವನ ಕಾರಿಗೆ ಇರೋದು ಕಾರು ಕಂಪನಿಯದ್ದೇ ಆರ್‌ಎಸ್‌ಎ, ವಾರಂಟಿ ಜೊತೆ ಬಂದದ್ದು. ಹೊಸದುರ್ಗದ ರಸ್ತೆಯಲ್ಲಿ ಕೂಲೆಂಟ್ ಪೈಪ್ ಒಡೆದಾಗ ಕರೆದೆವು. ಫೋನ್ ಎತ್ತಿದವರಿಗೆ ಕಾರಿನ ಮಾಡೆಲ್, ಸರ್ವಿಸ್ ಆದ ತಾರೀಖು ಎಲ್ಲ ಎದುರಿಗೇ ಇತ್ತು. ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿದ ಕೂಡಲೇ ಸೋರುತ್ತಿದ್ದ ಜಾಗ ಹಿಡಿದ. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದ. ಈ ಒಂದು ವಿಷಯದಲ್ಲಿ ಶೋರೂಂ ಆರ್‌ಎಸ್‌ಎ ಉಳಿದ ಎರಡಕ್ಕಿಂತ ಮೇಲು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಕಾರನ್ನು ಒಯ್ಯೋದು ಅವರ ಅಧಿಕೃತ ಸರ್ವಿಸ್ ಸೆಂಟರ್‌ಗೆ ಮಾತ್ರ. ಅವತ್ತು ಭಾನುವಾರ. ಕಾರು ರಾತ್ರಿಯೆಲ್ಲ ಅವರ ಅಂಗಳದಲ್ಲೇ ಇತ್ತು, ಕೈಗೆ ಬಂದದ್ದು ಮಂಗಳವಾರ. ವಾರಂಟಿ ಇರುವವರೆಗೆ ಇದೇ ಸರಿ, ಯಾಕಂದರೆ ಹೊರಗಿನವರು ಕೈ ಹಾಕಿದರೆ ನಾಳೆ ವಾರಂಟಿ ತಕರಾರು ಬರಬಹುದು. ವಾರಂಟಿ ಮುಗಿದ ಮೇಲೆ ದುಡ್ಡು ಕೊಟ್ಟು ಇದನ್ನೇ ಮುಂದುವರಿಸೋದಕ್ಕೆ ನನಗೆ ಕಾರಣ ಕಾಣುತ್ತಿಲ್ಲ.

ಇನ್ನೊಂದು ಸಹಾಯ ನಾವು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಅದು 1033, ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತೆ. ನಮ್ಮ ಎನ್‌ಎಚ್ 48ರಲ್ಲಿ ಹೆಬ್ಬಾಳು ಟೋಲ್ ಹತ್ತಿರ ಟೈರ್ ಸಿಡಿದಾಗ, ಆರ್‌ಎಸ್‌ಎಗೂ ಫೋನ್ ಮಾಡಿ, 1033ಕ್ಕೂ ಮಾಡಿದೆ. ಮೊದಲು ಬಂದದ್ದು ಹೆದ್ದಾರಿಯ ಗಸ್ತು ಗಾಡಿ, ಅದೂ ಬಹಳ ಬೇಗ. ಬಂದವರೇ ಕಾರಿನ ಹಿಂದೆ ಕೆಂಪು ಕೋನ್‌ಗಳನ್ನು ಸಾಲಾಗಿ ಇಟ್ಟರು, ಎಲ್ಲರನ್ನೂ ಕಾರಿನಿಂದ ಇಳಿಸಿ ತಡೆಗೋಡೆಯ ಆಚೆ ಕಳಿಸಿದರು. ಲಾರಿಗಳು ಗಾಳಿ ಬೀಸಿಕೊಂಡು ಹೋಗುವ ಆ ರಸ್ತೆಯಲ್ಲಿ ಮೊದಲು ಬೇಕಾದದ್ದು ಅದೇ. ಅವರು ರಸ್ತೆಯಿಂದ ಕಾರನ್ನು ಸುರಕ್ಷಿತ ಜಾಗಕ್ಕೆ ಸರಿಸಿಕೊಡುತ್ತಾರೆ, ಮನೆವರೆಗೆ ಒಯ್ಯೋದಿಲ್ಲ. ಹಾಗಾಗಿ ಇದು ಆರ್‌ಎಸ್‌ಎಗೆ ಬದಲಿ ಅಲ್ಲ. ಹೈವೇಯಲ್ಲಿ ನಿಂತರೆ ಮೊದಲ ಫೋನ್ 1033ಕ್ಕೆ, ಎರಡನೇದು ಆರ್‌ಎಸ್‌ಎಗೆ ಅಂತ ನಾನು ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ. ಫೋನ್ ಮಾಡುವಾಗ ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ಅವರಿಗೆ ಜಾಗ ತಕ್ಷಣ ಗೊತ್ತಾಗುತ್ತೆ.

ಹಾಗಾದರೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರಿದ್ದರೆ ಇದೆಲ್ಲ ಯಾಕೆ ಅಂತ ಕೇಳಬಹುದು. ಊರ ಸುತ್ತ ಇಪ್ಪತ್ತು ಮೂವತ್ತು ಕಿಲೋಮೀಟರ್‌ಗೆ ಈ ಮಾತು ನಿಜ. ಜಗಳೂರು ರಸ್ತೆಯಲ್ಲಿ ಅವತ್ತು ನಮ್ಮ ಗ್ಯಾರೇಜಿನವರಿಗೇ ಫೋನ್ ಮಾಡಿದ್ದರೆ ಬೇಗ ಆಗುತ್ತಿತ್ತು. ಆದರೆ ಹಿರಿಯೂರು ದಾಟಿ ಶಿರಾ ಹತ್ತಿರ ನಿಂತರೆ? ಅಕ್ಕ ಮಕ್ಕಳನ್ನು ಕೂರಿಸಿಕೊಂಡು ಒಬ್ಬಳೇ ಬೆಂಗಳೂರಿಗೆ ಹೋಗುತ್ತಾಳೆ. ಅಲ್ಲಿ ನಮ್ಮ ಯಾವ ಮೇಸ್ತ್ರಿಯ ನಂಬರೂ ಕೆಲಸಕ್ಕೆ ಬರಲ್ಲ.

ಉಳಿದ ಸೌಲಭ್ಯಗಳಲ್ಲಿ ಅಷ್ಟು ವ್ಯತ್ಯಾಸ ಇಲ್ಲ. ಪಂಕ್ಚರ್ ಆದರೆ ಸ್ಟೆಪ್ನಿ ಹಾಕಿಕೊಡುತ್ತಾರೆ, ಸ್ಟೆಪ್ನಿಯಲ್ಲಿ ಗಾಳಿ ಇರೋದು ನಮ್ಮ ಜವಾಬ್ದಾರಿ. ಪೆಟ್ರೋಲ್ ಮುಗಿದರೆ ಕೆಲವು ಲೀಟರ್ ತಂದುಕೊಡುತ್ತಾರೆ, ಬೆಲೆ ಸಾಮಾನ್ಯವಾಗಿ ನಾವೇ ಕೊಡಬೇಕು. ವರ್ಷಕ್ಕೆ ಇಷ್ಟೇ ಸಲ ಅಂತ ಮಿತಿ ಇರುತ್ತೆ. ಆರ್‌ಎಸ್‌ಎ ಕರೆದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತೆ ಅನ್ನುವ ಭಯ ಬೇಡ. ಅದು ಡ್ಯಾಮೇಜ್ ಕ್ಲೇಮ್ ಅಲ್ಲ. ಐದು ವರ್ಷ ಕ್ಲೇಮ್ ಇಲ್ಲದೆ 50% ಬೋನಸ್ ಮುಟ್ಟಿದವರು ಸುಮ್ನೆ ಹೆದರಿ ಕೈಯಿಂದ ದುಡ್ಡು ಕೊಟ್ಟು ಟೋಯಿಂಗ್ ಮಾಡಿಸಿದ್ದನ್ನು ನೋಡಿದ್ದೇನೆ.

ನನ್ನ ಕಾರಿಗೆ ವಿಮೆಯ ಆಡ್-ಆನ್ ಅನ್ನೇ ಮುಂದುವರಿಸಿದ್ದೇನೆ. ಕೊಡುವ ದುಡ್ಡಿಗೆ ಸಿಗುವ ಕಿಲೋಮೀಟರ್ ಅದರಲ್ಲೇ ಜಾಸ್ತಿ, ಜೊತೆಗೆ ಗ್ಯಾರೇಜ್ ನಮ್ಮ ಆಯ್ಕೆ. ಭಾವನಿಗೂ ವಾರಂಟಿ ಮುಗಿದ ವರ್ಷ ಇದಕ್ಕೇ ಬನ್ನಿ ಅಂದಿದ್ದೇನೆ. ವಾರಂಟಿ ಇರುವಾಗ ಎರಡೂ ಇಟ್ಟುಕೊಂಡರೆ ಒಂದೇ ಕೆಲಸಕ್ಕೆ ಎರಡು ಕಡೆ ದುಡ್ಡು. ಅಪ್ಪನ ಕಾರಿನ ಬಿಡಿ ಪ್ಯಾಕೇಜ್ ಮುಗಿದ ಮೇಲೆ ಅದೇ ಕಡೆ ಮತ್ತೆ ಕಟ್ಟಲಿಲ್ಲ. ಅವರು ಈಗ ಓಡಿಸೋದು ದಾವಣಗೆರೆ–ಹರಿಹರ ಅಷ್ಟೇ, ಅಲ್ಲಿಗೆ ನಮ್ಮ ಗ್ಯಾರೇಜಿನವರು ಸಾಕು. ನಿಮ್ಮದು ರಿನ್ಯೂವಲ್ ಇದ್ದರೆ ಏಜೆಂಟ್ ಹತ್ತಿರ ಪ್ರೀಮಿಯಂ ಕೇಳುವ ಮೊದಲು ಆರ್‌ಎಸ್‌ಎ ಷರತ್ತಿನ ಪುಟವನ್ನೇ ವಾಟ್ಸಾಪ್ ಮಾಡೋಕೆ ಹೇಳಿ. ಕಿಲೋಮೀಟರ್ ಎಷ್ಟು, ಲೆಕ್ಕ ಎಲ್ಲಿಂದ, ಗ್ಯಾರೇಜ್ ಯಾರ ಆಯ್ಕೆ, ಫ್ಲಾಟ್ ಬೆಡ್ ಕೊಡ್ತಾರಾ, ಈ ನಾಲ್ಕು ಅದರಲ್ಲಿ ಕಾಣದಿದ್ದರೆ ಬೇರೆ ಕಂಪನಿಯ ಕೊಟೇಶನ್ ಕೇಳಿ.