11 ವರ್ಷ, 1 ಲಕ್ಷ 36 ಸಾವಿರ ಕಿಲೋಮೀಟರ್: ನಮ್ಮನೆ ಹಳೇ ಬೆಂಜ್ 230 ಟಿಇ

ಗಾಡಿ ಯಾವ್ದು ಅಂತ ಮೊದಲು ಹೇಳ್ಬಿಡ್ತೀನಿ. ಮರ್ಸಿಡಿಸ್-ಬೆಂಜ್ 230 ಟಿಇ, 1991ರ ಮಾಡೆಲ್, ಡಬ್ಲ್ಯು124 ಅಂತಾರಲ್ಲ ಆ ಸೀರೀಸಿನ ಸ್ಟೇಷನ್ ವ್ಯಾಗನ್, ಅಂದ್ರೆ ಡಿಕ್ಕಿ ಮೇಲೂ ಚಾವಣಿ ಮುಂದುವರೆದಿರೋ ಉದ್ದ ಕಾರು. 2.3 ಲೀಟರ್ 4 ಸಿಲಿಂಡರ್ ಪೆಟ್ರೋಲ್ ಇಂಜಿನ್, 4 ಸ್ಪೀಡ್ ಆಟೋಮ್ಯಾಟಿಕ್. 2014ರಲ್ಲಿ 3,800 ಯೂರೋ ಕೊಟ್ಟು ತಗೊಂಡಾಗ ಮೀಟರ್ 2,12,000 ತೋರಿಸ್ತಿತ್ತು, ಈಗ 3,48,000 ದಾಟಿದೆ. ನಾವಿರೋದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ರ ಬೋಬ್ಲಿಂಗೆನ್‌ನಲ್ಲಿ, ಪಕ್ಕದ ಜಿಂಡೆಲ್‌ಫಿಂಗೆನ್‌ನಲ್ಲೇ ಬೆಂಜ್ ಕಾರ್ಖಾನೆ ಇದೆ, ಆದ್ರೆ ವ್ಯಾಗನ್ ತಯಾರಾಗ್ತಿದ್ದಿದ್ದು ಇಲ್ಲಲ್ಲ, ಬ್ರೆಮೆನ್‌ನಲ್ಲಿ. ನಾನು ಆ ಕಂಪನಿ ನೌಕರ ಅಲ್ಲ, ನನ್ನದು ಸಾಫ್ಟ್‌ವೇರ್ ಕೆಲಸ, ಕಾರು ನನ್ನ ಸ್ವಂತ ದುಡ್ಡಿಂದು.

ಹಳೇ ಬೆಂಜ್ ಯಾಕೆ ತಗೊಂಡೆ, ಅದೇ ದುಡ್ಡಿಗೆ ಆರೇಳು ವರ್ಷದ ಚಿಕ್ಕ ಕಾರು ಸಿಕ್ತಿತ್ತಲ್ಲ ಅಂತ ಊರಿಂದ ಎಲ್ಲರೂ ಕೇಳಿದ್ರು, ಅಪ್ಪ ಒಬ್ಬರನ್ನ ಬಿಟ್ಟು. ಅಪ್ಪ ಸಾಗರದಲ್ಲಿ ಲಾರಿ ಕ್ಲೀನರ್ ಆಗಿ ಕೆಲಸ ಶುರು ಮಾಡಿದೋರು, ಆಮೇಲೆ ಡ್ರೈವರ್ ಆಗಿ ಅಡಿಕೆ ಲೋಡು ಹೊಡೀತಿದ್ರು. ಅವರು ಮೊದಲು ಕೆಲಸಕ್ಕೆ ಸೇರಿದ ಲಾರಿ ಟಾಟಾ ಮರ್ಸಿಡಿಸ್-ಬೆಂಜ್. ಈಗಿನೋರಿಗೆ ಗೊತ್ತಿರಲ್ಲ, 1954ರಿಂದ 1969ರವರೆಗೆ ಟೆಲ್ಕೋ (ಈಗಿನ ಟಾಟಾ ಮೋಟರ್ಸ್) ಕಂಪನಿ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡ್ಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿ ಮಾಡ್ತಿತ್ತು, ಮುಂದುಗಡೆ ಅದೇ ಮೂರು ಮೂಲೆ ನಕ್ಷತ್ರ ಇರ್ತಿತ್ತು. ದಿನಾ ಬೆಳಿಗ್ಗೆ ಆ ನಕ್ಷತ್ರ ಒರೆಸೋದೇ ಅಪ್ಪನ ಮೊದಲ ಕೆಲಸ ಆಗಿತ್ತಂತೆ. ಹಾಗಾಗಿ ನನಗೆ ಬೆಂಜ್ ಅಂದ್ರೆ ಶ್ರೀಮಂತರ ಕಾರು ಅಂತ ಮೊದಲು ತಲೆಗೆ ಬಂದಿದ್ದೇ ಅಲ್ಲ, ಘಾಟಿಯಲ್ಲಿ ಕೈಕೊಡದ ಲಾರಿ ಅಂತಲೇ ಬಂದಿದ್ದು.

ಈಗ ಓಡಿಸೋ ಅನುಭವಕ್ಕೆ ಬರ್ತೀನಿ. ಬಾಗಿಲು ಹಾಕಿದಾಗ ಬರೋ ಸದ್ದಿನ ಬಗ್ಗೆ ಎಲ್ಲರೂ ಬರೀತಾರೆ, ಅದು ನಿಜಾನೇ, ಆದ್ರೆ ನನಗೆ ಈ ಕಾರಲ್ಲಿ ತುಂಬಾ ಹಿಡಿಸಿರೋದು ಸೀಟು. ಒಳಗೆ ನಿಜವಾದ ಸ್ಪ್ರಿಂಗು, ಅದರ ಮೇಲೆ ರಬ್ಬರ್ ಹಾಕಿ ಒತ್ತಿದ ನಾರಿನ ಪದರ, ಮೊದಲ ಸಲ ಸೀಟ್ ಬಿಚ್ಚಿ ನೋಡಿದಾಗ ನಮ್ಮ ಕಡೆ ತೆಂಗಿನ ನಾರಿನ ಹಾಸಿಗೆ ನೆನಪಾಯ್ತು. ಕೂತ ತಕ್ಷಣ ಗಟ್ಟಿ ಅನ್ಸುತ್ತೆ, ಆದ್ರೆ ಇಲ್ಲಿಂದ ಬರ್ಲಿನ್‌ಗೆ 600 ಕಿಲೋಮೀಟರ್ ಮೇಲೆ ಓಡಿಸಿ ಇಳಿದಾಗಲೂ ಸೊಂಟ ಹಿಡಿದಿರಲ್ಲ, ನನಗೆ ಸ್ಲಿಪ್ ಡಿಸ್ಕ್ ಇದೆ, ಹಾಗಾಗಿ ಇದನ್ನ ಸುಮ್ನೆ ಹೇಳ್ತಿಲ್ಲ. ಗೇರ್ ಶುರುವಾಗೋದು ಸಾಮಾನ್ಯವಾಗಿ ಎರಡನೇದ್ರಲ್ಲಿ, ಸಿಗ್ನಲಲ್ಲಿ ನಿಧಾನಕ್ಕೇ ಹೊರಡುತ್ತೆ, ಆ್ಯಕ್ಸಿಲರೇಟರ್ ಪೂರ್ತಿ ಒತ್ತಿದ್ರೆ ಮಾತ್ರ ಒಂದನೇದಕ್ಕೆ ಹೋಗುತ್ತೆ. ಅವಸರದೋರಿಗೆ ಈ ಕಾರು ಬೇಡ. ಆದ್ರೆ 120ರಲ್ಲಿ ಆಟೋಬಾನ್ (ಇಲ್ಲಿನ ಹೈವೇ) ಮೇಲೆ ಬಿಟ್ರೆ ಅದರ ಪಾಡಿಗೆ ದಿನಪೂರ್ತಿ ಹೋಗ್ತಾನೇ ಇರುತ್ತೆ. ಮೈಲೇಜು ನನಗೆ ಲೀಟರಿಗೆ ಸುಮಾರು 10 ಕಿಲೋಮೀಟರ್, ಊರೊಳಗೆ 8, ಇಲ್ಲಿನ ಪೆಟ್ರೋಲ್ ರೇಟಲ್ಲಿ ಇದು ಜೇಬಿಗೆ ಭಾರಾನೇ.

ಇನ್ನೂ ಕೆಲವು ಇದಾವೆ, ಬಳಸ್ತಾ ಬಳಸ್ತಾ ಅರ್ಥ ಆಗೋವು. ವೈಪರ್ ಒಂದೇ ಒಂದು, ಅದು ತಿರುಗ್ತಾ ತಿರುಗ್ತಾ ಮೂಲೆ ಬಂದಾಗ ಉದ್ದ ಆಗಿ ಗಾಜಿನ 86 ಪರ್ಸೆಂಟ್ ಒರೆಸುತ್ತೆ, ಮಗಳು ಚಿಕ್ಕೋಳಿದ್ದಾಗ ಮಳೆ ಬಂದ್ರೆ ಅದನ್ನೇ ನೋಡ್ತಾ ಕೂರ್ತಿದ್ಳು. ಎಡಗಡೆ ಕನ್ನಡಿ ಅಗಲ, ಬಲಗಡೆದು ಚಿಕ್ಕದಾಗಿ ಚೌಕಾಕಾರ, ಎಡಗಡೆದು ಕೈಯಲ್ಲಿ ತಿರುಗಿಸ್ಬೇಕು ಬಲಗಡೆದಕ್ಕೆ ಮಾತ್ರ ಮೋಟರ್, ಯಾಕಂದ್ರೆ ಇಲ್ಲಿ ಸ್ಟೀರಿಂಗ್ ಎಡಗಡೆ, ಎಡಗಡೆದು ಡ್ರೈವರ್ ಕೈಗೆ ಎಟುಕುತ್ತೆ, ಇನ್ನೊಂದು ಎಟುಕಲ್ಲ, ಅಷ್ಟೇ ಲೆಕ್ಕ. ಬಾನೆಟ್ ನೆಟ್ಟಗೆ ನಿಲ್ಲೋ ಹಾಗೆ ಪೂರ್ತಿ ಎತ್ತಬಹುದು, ಆಗ ಇಂಜಿನ್ ಸುತ್ತ ಕೈಯಾಡಿಸಕ್ಕೆ ಜಾಗ ಸಿಗುತ್ತೆ. ಅಪ್ಪ 2016ರಲ್ಲಿ ಇಲ್ಲಿಗೆ ಬಂದಿದ್ದಾಗ ಕಾರೊಳಗೆ ಕೂರೋ ಮೊದಲು ಬಾನೆಟ್ ಎತ್ತಿಸಿದ್ರು, ಐದು ನಿಮಿಷ ನೋಡಿ "ಇದನ್ನ ರಿಪೇರಿ ಮಾಡೋನ ಕಷ್ಟ ಗೊತ್ತಿರೋನು ಮಾಡಿದಾನೆ ಕಣೋ" ಅಂದ್ರು. ನಾನು ಓದಿದ ಯಾವ ರಿವ್ಯೂನಲ್ಲೂ ಇದಕ್ಕಿಂತ ಸರಿಯಾಗಿ ಯಾರೂ ಹೇಳಿಲ್ಲ.

ಹಿಂದುಗಡೆ ಡಿಕ್ಕಿ ನೆಲದಲ್ಲಿ ಮಡಚಿಟ್ಟ ಇನ್ನೊಂದು ಸೀಟ್ ಇದೆ, ಇಬ್ಬರು ಮಕ್ಕಳು ಹಿಂದಕ್ಕೆ ಮುಖ ಮಾಡಿ ಕೂರೋದು, ಒಟ್ಟು 7 ಜನ. ಯುಗಾದಿಗೆ ನಾಲ್ಕೈದು ಕನ್ನಡದ ಮನೆಯೋರು ಒಂದು ಕಡೆ ಸೇರ್ತೀವಿ, ಆಗ ಎಲ್ಲಾ ಮಕ್ಕಳಿಗೂ ಅದೇ ಸೀಟ್ ಬೇಕು. ಊರೊಳಗೆ ಮಾತ್ರ ಕೂರಿಸ್ತೀನಿ, ಹೈವೇನಲ್ಲಿ ಬೇಡ. ಇನ್ನು ಲೋಡ್ ವಿಷ್ಯ, ಈ ವ್ಯಾಗನ್‌ಗಳಿಗೆ ಹಿಂದಿನ ಸಸ್ಪೆನ್ಷನ್‌ನಲ್ಲಿ ಆಯಿಲ್ ಮತ್ತೆ ಗ್ಯಾಸ್ ಸೇರಿ ಕೆಲಸ ಮಾಡೋ ಸೆಲ್ಫ್ ಲೆವೆಲಿಂಗ್ ಇದೆ, ಸೋನಾ ಮಸೂರಿ ಮೂಟೆ, ಐಕಿಯಾ ಕಪಾಟು ಏನು ಹಾಕಿದ್ರೂ ಗಾಡಿ ಓಡೋಕೆ ಶುರು ಆದ್ಮೇಲೆ ಹಿಂಭಾಗ ತಾನೇ ಎದ್ದು ಮಟ್ಟ ಆಗುತ್ತೆ.

ಅದೇ ಸಿಸ್ಟಂ 2018ರಲ್ಲಿ ನನಗೆ ಕಷ್ಟ ಕೊಟ್ಟಿದ್ದು. ಹಿಂದೆ ಎತ್ತಿನ ಗಾಡಿ ಥರ ಕುಲುಕಕ್ಕೆ ಶುರು ಆಯ್ತು. ಒಂದು ಗ್ಯಾರೇಜಿಗೆ ಬಿಟ್ಟೆ, ಪೂರ್ತಿ ಹಿಂದಿನ ಸಸ್ಪೆನ್ಷನ್ ಬದಲಾಯಿಸ್ಬೇಕು 2,000 ಯೂರೋ ಮೇಲಾಗುತ್ತೆ ಅಂದ್ರು. ಮನಸ್ಸು ಒಪ್ಪದೆ ವಾಪಸ್ ತಂದು, ಹಳೇ ಗಾಡಿಗಳನ್ನೇ ನೋಡೋ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ರ ಹೋದೆ, ಅವರು ಹಿಂದುಗಡೆ ಎರಡು ಸಲ ಕೈಯಲ್ಲಿ ಒತ್ತಿ ನೋಡಿ ಗ್ಯಾಸ್ ತುಂಬಿದ ಎರಡು ಗುಂಡು ಡಬ್ಬಿ ಸತ್ತಿವೆ ಅಷ್ಟೇ ಅಂದ್ರು. ಅವೆರಡು ಬದಲಾಯಿಸಿ ಆಯಿಲ್ ಹೊಸದು ಹಾಕಿದ್ಮೇಲೆ ಇವತ್ತಿಗೂ ಸರಿ ಇದೆ. ಇದು ಬಿಟ್ರೆ ಇಷ್ಟು ವರ್ಷದಲ್ಲಿ ಆಗಿದ್ದು ವಯಸ್ಸಿನ ಕೆಲಸಗಳು, ಇಂಜಿನ್ ಮೇಲಿನ ರಬ್ಬರ್ ಪೈಪುಗಳು ಬಿರುಕು ಬಿಟ್ಟು ಐಡ್ಲಿಂಗ್ ನಡುಗಿದ್ದು, ವಾಟರ್ ಪಂಪ್, ಒಂದು ಸಲ ರೇಡಿಯೇಟರ್. ರಸ್ತೆ ಮಧ್ಯೆ ನಿಂತಿದ್ದು ಒಂದೇ ಸಲ, ಅದೂ ಬ್ಯಾಟರಿ ಸತ್ತು.

ತುಕ್ಕು ಮಾತ್ರ ಬೇರೆ ಕಥೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ, ಅದು ಯಾವ ಕಾರನ್ನೂ ಬಿಡಲ್ಲ. ಜ್ಯಾಕ್ ಹಾಕೋ ಜಾಗ, ಮುಂದಿನ ಮಡ್‌ಗಾರ್ಡ್ ಅಂಚು, ಹಿಂದಿನ ಬಾಗಿಲಿನ ಗಾಜಿನ ಕೆಳಗೆ, ಇವನ್ನ ನೋಡದೆ ಯಾರೂ ಡಬ್ಲ್ಯು124 ತಗೋಬೇಡಿ. ನಾನು 2020ರಲ್ಲಿ ವೆಲ್ಡಿಂಗು ಪೇಂಟು ಅಂತ 2,600 ಯೂರೋ ಖರ್ಚು ಮಾಡಿದೆ, ಕಾರಿನ ರೇಟಿನ ಮೂರರಲ್ಲಿ ಎರಡು ಪಾಲು ಹತ್ರ ಆಯ್ತು, ಹೆಂಡತಿ ಒಂದು ವಾರ ಮಾತಾಡ್ಲಿಲ್ಲ. ಆದ್ರೆ ಅದು ಮಾಡಿಸಿದ್ದಕ್ಕೇ 2021ರಲ್ಲಿ ಎಚ್ ನಂಬರ್ ಸಿಕ್ತು. 30 ವರ್ಷ ದಾಟಿ, ಒರಿಜಿನಲ್ ಸ್ಥಿತಿಯಲ್ಲಿ ಚೆನ್ನಾಗಿದ್ರೆ ಜರ್ಮನಿಯಲ್ಲಿ ನಂಬರ್ ಪ್ಲೇಟಿನ ಕೊನೇಲಿ ಎಚ್ ಅಕ್ಷರ ಕೊಡ್ತಾರೆ, ಚಾರಿತ್ರಿಕ ವಾಹನ ಅಂತ. ಟ್ಯಾಕ್ಸ್ ಇಂಜಿನ್ ಎಷ್ಟೇ ದೊಡ್ಡದಿರ್ಲಿ ವರ್ಷಕ್ಕೆ 191 ಯೂರೋ ಚಿಲ್ರೆ.

ಸ್ಪೇರ್ ಪಾರ್ಟ್ಸ್ ವಿಷ್ಯದಲ್ಲಿ ಈ ಕಂಪನಿನ ಮನಸಾರೆ ಹೊಗಳ್ತೀನಿ. ಹಳೇ ಗಾಡಿಗಳಿಗಂತಲೇ 1993ರಿಂದ ಫೆಲ್‌ಬಾಖ್‌ನಲ್ಲಿ ಕ್ಲಾಸಿಕ್ ಸೆಂಟರ್ ಇಟ್ಟಿದಾರೆ. ಎಷ್ಟೋ ಭಾಗಗಳ ನಂಬರ್ ಇವತ್ತಿಗೂ 124 ಅಂತಲೇ ಶುರುವಾಗುತ್ತೆ, ನಂಬರ್ ಹೇಳಿದ್ರೆ ಸಾಕು, ಒಂದು ಕ್ಲಿಪ್ ಬೇಕಂದ್ರೂ ಹುಡುಕಿ ಕೊಡ್ತಾರೆ. ಕೆಲವದಕ್ಕೆ ರೇಟ್ ಕೇಳಿದ್ರೆ ಎದೆ ಝಲ್ ಅನ್ನುತ್ತೆ, ಅದೂ ನಿಜ.

ಈ ಕಾರು ಬಂದ್ಮೇಲೆ ನನಗೆ ಇದನ್ನ ಮಾಡಿದೋರು ಯಾರು ಅಂತ ತಿಳ್ಕೊಳ್ಳೋ ಹುಚ್ಚು ಹಿಡೀತು, ಇಲ್ಲೇ ಇರೋದ್ರಿಂದ ಒಂದೊಂದೇ ಜಾಗಕ್ಕೆ ಇದೇ ಕಾರಲ್ಲಿ ಹೋಗಿದೀನಿ. ಬಾಡ್ ಕಾನ್‌ಸ್ಟಾಟ್‌ನಲ್ಲಿ ಗಾಟ್‌ಲೀಬ್ ಡೈಮ್ಲರ್ ಮನೆ ತೋಟದ ಗಾಜಿನ ಮನೆ ಇನ್ನೂ ಇದೆ, ಅಲ್ಲೇ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೈಬಾಖ್ ಬಾಗಿಲು ಹಾಕ್ಕೊಂಡು ಹಗಲೂ ರಾತ್ರಿ ಸಣ್ಣ ಪೆಟ್ರೋಲ್ ಇಂಜಿನ್ ಮಾಡ್ತಿದ್ದಿದ್ದು, ತೋಟದ ಮಾಲಿ ಇವರು ಖೋಟಾ ನಾಣ್ಯ ಮಾಡ್ತಿದಾರೆ ಅಂತ ಅನುಮಾನಪಟ್ಟು ಪೊಲೀಸ್ನೋರನ್ನೇ ಕರೆಸಿದ್ನಂತೆ. ಅದೇ ಹೊತ್ತಿಗೆ ಮಾನ್‌ಹೈಮ್‌ನಲ್ಲಿ ಕಾರ್ಲ್ ಬೆಂಜ್ ತನ್ನ ಪಾಡಿಗೆ ಮೂರು ಚಕ್ರದ ಗಾಡಿ ಮಾಡಿ 1886ರ ಜನವರಿ 29ಕ್ಕೆ ಪೇಟೆಂಟ್ ಅರ್ಜಿ ಹಾಕಿದ್ರು. ಎರಡು ಊರಿಗೂ ನೂರು ಕಿಲೋಮೀಟರ್ ಚಿಲ್ರೆ ದೂರ, ಎರಡು ಕಂಪನಿ ಒಂದಾಗಿದ್ದು 1926ರಲ್ಲಿ, ಅಷ್ಟರಲ್ಲಿ ಡೈಮ್ಲರ್ ತೀರಿಕೊಂಡು 26 ವರ್ಷ ಆಗಿತ್ತು. ಮರ್ಸಿಡಿಸ್ ಅನ್ನೋದು ಇವರಿಬ್ಬರ ಮನೆಯ ಹೆಸರೂ ಅಲ್ಲ, ಡೈಮ್ಲರ್ ಕಾರು ಮಾರ್ತಿದ್ದ ಎಮಿಲ್ ಯೆಲಿನೆಕ್ ಅನ್ನೋ ವ್ಯಾಪಾರಿಯ ಮಗಳ ಹೆಸರು. 1900ರಲ್ಲಿ ಆತ ಒಂದೇ ಸಲಕ್ಕೆ 36 ಕಾರು ಆರ್ಡರ್ ಮಾಡಿ, ಮಗಳ ಹೆಸರೇ ಇಡ್ಬೇಕು ಅಂದ.

ಆದ್ರೆ ನನಗೆ ಎಲ್ಲರಿಗಿಂತ ದೊಡ್ಡೋಳು ಅನ್ಸೋದು ಕಾರ್ಲ್ ಹೆಂಡತಿ ಬೆರ್ತಾ ಬೆಂಜ್. ಮದುವೆಗೆ ಮುಂಚೆನೇ ತನ್ನ ವರದಕ್ಷಿಣೆ ದುಡ್ಡನ್ನ ಕಾರ್ಲ್‌ನ ವರ್ಕ್‌ಶಾಪಿಗೆ ಹಾಕಿ ಅದನ್ನ ಉಳಿಸಿದ್ದು ಅವಳೇ. ಗಾಡಿ ಆಯ್ತು, ಪೇಟೆಂಟ್ ಆಯ್ತು, ಕೊಳ್ಳೋರಿಲ್ಲ. 1888ರ ಆಗಸ್ಟ್‌ನಲ್ಲಿ ಒಂದು ದಿನ ಬೆಳಿಗ್ಗೆ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳು ಓಯ್ಗನ್ ಮತ್ತೆ ರಿಚರ್ಡ್‌ನ ಕರ್ಕೊಂಡು ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರ್ ಮೇಲೆ ಹೊರಟೇಬಿಟ್ಳು. ಪೆಟ್ರೋಲ್ ಬಂಕ್ ಅನ್ನೋದೇ ಇರಲಿಲ್ಲ, ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಬಟ್ಟೆ ಕಲೆ ತೆಗಿಯೋ ಲಿಗ್ರೋಯಿನ್ ಕೊಂಡು ಅದನ್ನೇ ಹಾಕಿದ್ರು. ಪೈಪ್ ಕಟ್ಟಿಕೊಂಡಾಗ ಹ್ಯಾಟಿನ ಪಿನ್ನಿಂದ ಬಿಡಿಸಿದ್ಳು, ಬ್ರೇಕಿನ ಮರ ಸವೆದಾಗ ಚಮ್ಮಾರನ ಹತ್ರ ಚರ್ಮ ಹೊಡೆಸಿದ್ಳು, ಏರು ಬಂದಾಗ ಮಕ್ಕಳು ಇಳಿದು ತಳ್ಳಿದ್ರು, ವಾಪಸ್ ಬಂದ್ಮೇಲೆ ಗುಡ್ಡ ಹತ್ತಕ್ಕೆ ಇನ್ನೊಂದು ಗೇರ್ ಹಾಕಿ ಅಂತ ಗಂಡನಿಗೆ ಹೇಳಿದ್ಳು. ಲಾಂಗ್ ಟರ್ಮ್ ರಿವ್ಯೂ ಬರೆಯೋ ನಮಗೆಲ್ಲ ಅವಳೇ ಮೊದಲನೆಯವಳು ಅಂತ ನಾನು ನಿಜವಾಗಿ ನಂಬಿದೀನಿ. ಆ ದಾರಿಗೆ 2008ರಿಂದ ಬೋರ್ಡ್ ಹಾಕಿದಾರೆ, ನಾವು ಮೂರು ಜನ ಒಂದು ಆಗಸ್ಟ್‌ನಲ್ಲಿ ಅದೇ ದಾರಿ ಹಿಡಿದು ಹೋಗಿದ್ವಿ, ವೀಸ್‌ಲೋಖ್ ಔಷಧಿ ಅಂಗಡಿ ಮುಂದೆ ಮಗಳನ್ನ ನಿಲ್ಲಿಸಿ ಕಥೆ ಹೇಳಿದೆ.

ಇನ್ನೊಂದನ್ನೂ ಬರೀಲೇಬೇಕು. ಎರಡನೇ ಮಹಾಯುದ್ಧದ ಹೊತ್ತಲ್ಲಿ, 1944ರಲ್ಲಿ, ಡೈಮ್ಲರ್-ಬೆಂಜ್ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದ 63,000 ಚಿಲ್ರೆ ಜನರಲ್ಲಿ ಹತ್ರ ಹತ್ರ ಅರ್ಧ ಜನ ಬಲವಂತದ ಕೂಲಿಗಳು, ಯುದ್ಧ ಕೈದಿಗಳು, ನಾಜಿ ಕ್ಯಾಂಪಿನ ಬಂದಿಗಳು. ಈ ಲೆಕ್ಕವನ್ನ ಕಂಪನಿಯೇ ಹೇಳುತ್ತೆ. ಉಂಟರ್‌ಟ್ಯೂರ್ಕ್‌ಹೈಮ್‌ನಲ್ಲಿ ಕಾರ್ಖಾನೆ ಪಕ್ಕ 2006ರಲ್ಲಿ ಶುರುವಾದ ಬೆಂಜ್ ಮ್ಯೂಸಿಯಂಗೆ ಹೋದ್ರೆ ಮೇಲಿನ ಮಹಡಿಯಿಂದ ಸುತ್ತಿಕೊಂಡು ಇಳೀತಾ ಬರ್ಬೇಕು, ಹೊಳೆಯೋ ಕಾರುಗಳ ಜೊತೆ ಆ ಕಾಲದ ವಿಷ್ಯಾನೂ ಗೋಡೆ ಮೇಲಿದೆ, ದಯವಿಟ್ಟು ನಿಂತು ಓದಿ. ನಕ್ಷತ್ರದ ಮೇಲೆ ನನಗಿರೋ ಪ್ರೀತಿ ಕಡಿಮೆ ಆಗಿಲ್ಲ, ಆದ್ರೆ ಅದನ್ನ ಓದಿದ್ಮೇಲೆ ಆ ಪ್ರೀತಿ ಮೊದಲಿನಷ್ಟು ಹಗುರಾಗಿಲ್ಲ.

ಯುದ್ಧ ಆದ್ಮೇಲಿನ ಅವರ ಕೆಲಸಕ್ಕೆ ನನ್ನ ಕಾರೇ ಸಾಕ್ಷಿ. ಡಿಕ್ಕಿ ಹೊಡೆದಾಗ ಮುಂಭಾಗ ಹಿಂಭಾಗ ನಜ್ಜಾಗಿ ಜನ ಕೂತಿರೋ ಜಾಗ ಗಟ್ಟಿ ಉಳೀಬೇಕು ಅನ್ನೋ ಯೋಚನೆ ಅಲ್ಲಿನ ಇಂಜಿನಿಯರ್ ಬೇಲಾ ಬಾರೆನಿಯದ್ದು, 1951ರ ಪೇಟೆಂಟ್, 1959ರ ಮಾಡೆಲಿಂದ ಕಾರಿಗೆ ಬಂತು. ಬಾಷ್ ಜೊತೆ ಸೇರಿ 1978ರಲ್ಲಿ ಎಸ್ ಕ್ಲಾಸ್ ಕಾರಿಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದ್ರೂ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋದು) ತಂದ್ರು, ಹಿಮ ಬಿದ್ದ ಬ್ಲ್ಯಾಕ್ ಫಾರೆಸ್ಟ್ ಇಳಿಜಾರಲ್ಲಿ ಒಂದು ಸಲ ಅದೇ ನಮ್ಮನ್ನ ಕಾಪಾಡಿದ್ದು. ಏರ್‌ಬ್ಯಾಗ್ ನನ್ನದರಲ್ಲಿಲ್ಲ, ಆಗ ಅದಕ್ಕೆ ಬೇರೆ ದುಡ್ಡು, ಮೊದಲ ಓನರ್ ಹಾಕಿಸಿರಲಿಲ್ಲ. ಹೊಸ ಕಾರಿಗೂ ಇದಕ್ಕೂ ಸುರಕ್ಷತೆಯಲ್ಲಿ ತುಂಬಾ ವ್ಯತ್ಯಾಸ ಇದೆ, ದಿನಾ ಹೈವೇನಲ್ಲಿ ಮಕ್ಕಳ ಜೊತೆ ಓಡಾಡೋರು ಇದನ್ನ ಮನಸ್ಸಲ್ಲಿಟ್ಕೊಳ್ಳಿ.

ಊರಲ್ಲಿರೋರು ಕೇಳ್ತಾರೆ, ಇಂಡಿಯಾದಲ್ಲಿ ಸಿಗುತ್ತಾ ಅಂತ. ಸಿಗುತ್ತೆ, 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಜೋಡಿಸಕ್ಕೆ ಶುರು ಮಾಡಿದ್ದೇ ಈ ಡಬ್ಲ್ಯು124ರಿಂದ, ಇ220 ಅಂತ. ಅದು ಸೆಡಾನ್, ಇಂಜಿನ್ನೂ ಬೇರೆ. ತಗೊಳ್ಳೋದಾದ್ರೆ ಒಂದು ವಿಷ್ಯ ನೋಡಿ, 1993ರಿಂದ 95ರ ಸುಮಾರಿನ ಕೆಲವು ಇಂಜಿನ್‌ಗಳ ವೈರಿಂಗ್ ಮೇಲಿನ ಹೊದಿಕೆ ಬಿಸಿಗೆ ಪುಡಿಪುಡಿ ಆಗುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರೋ ದೋಷ, ಬದಲಾಯಿಸಿರೋ ಬಿಲ್ ಇದೆಯಾ ಅಂತ ಕೇಳಿ, ಇಲ್ಲಾಂದ್ರೆ ರೇಟಲ್ಲಿ ಅಷ್ಟು ಕಡಿಮೆ ಮಾಡಿಸ್ಕೊಳ್ಳಿ.

ಮ್ಯೂಸಿಯಂನಲ್ಲಿ ಗ್ರೀಸಿನ ಒಬ್ಬ ಟ್ಯಾಕ್ಸಿ ಡ್ರೈವರ್ 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಕಂಪನಿಗೆ ಒಪ್ಪಿಸಿದ ಬೆಂಜ್ 240 ಡಿ ಕಾರಿನ ಕಥೆಯನ್ನ ಅಪ್ಪನಿಗೆ ಹೇಳಿದ್ದೆ. ಈಗ ವಾರಕ್ಕೊಮ್ಮೆ ಫೋನ್ ಮಾಡಿದಾಗ ಆರೋಗ್ಯ ಕೇಳೋ ಮೊದಲು ಮೀಟರ್ ಎಷ್ಟಾಯ್ತು ಅಂತಾರೆ. ಬರೋ ತಿಂಗಳು ಟ್ಯೂವ್ ಚೆಕಿಂಗ್ (ಇಲ್ಲಿನ ಗಾಡಿ ಫಿಟ್ನೆಸ್ ಪರೀಕ್ಷೆ) ಇದೆ, ಅದಕ್ಕೆ ಮುಂಚೆ ಎಡಗಡೆ ಮುಂದಿನ ಬಾಲ್ ಜಾಯಿಂಟ್ ಬದಲಾಯಿಸ್ಬೇಕು, ಪಾರ್ಟ್ ಬಂದು ಗ್ಯಾರೇಜಲ್ಲಿ ಕೂತಿದೆ.