ಮುಲ್ಲರ್-ಲೈಯರ್ ಹಲಗೆ: ಕೊಳ್ಳುವ ಮೊದಲು, ಪ್ರಾಕ್ಟಿಕಲ್ಲಿಗೆ ಇಡುವ ಮೊದಲು

ಪದವಿ ಮೊದಲ ವರ್ಷದ ಸೈಕಾಲಜಿ ಲ್ಯಾಬಿಗೆ ಒಂದೇ ಉಪಕರಣ ಕೊಳ್ಳುವಷ್ಟು ದುಡ್ಡಿದ್ದರೆ ಮುಲ್ಲರ್-ಲೈಯರ್ ಹಲಗೆ ಕೊಳ್ಳಿ. ಸಮ ಉದ್ದದ ಎರಡು ಗೆರೆ ತುದಿಯ ಗುರುತಿನಿಂದಾಗಿ ಒಂದು ಉದ್ದ, ಒಂದು ಗಿಡ್ಡ ಕಾಣುತ್ತವಲ್ಲ, ಕಣ್ಣಿನ ಆ ಭ್ರಮೆಯನ್ನು ಅಳೆಯುವ ಹಲಗೆ ಇದು. ಮೈಸೂರಿನ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಮರದ ಮಾದರಿಯ ಬಗ್ಗೆ ಈ ಮಾತು. ಪೆಟ್ಟಿಗೆ ಬಿಚ್ಚಿದ ಕೂಡಲೇ ಬಳಸುವ ಹಾಗೆ ಅದು ಇರುವುದಿಲ್ಲ, ಅರ್ಧ ಗಂಟೆ ಕೆಲಸ ಕೇಳುತ್ತದೆ.

ರಚನೆ ಸರಳ. ಒಂದು ಗೆರೆಯ ಎರಡೂ ತುದಿಗೆ ಬಾಣದ ತಲೆ. ಉದ್ದ 15 ಸೆಂ.ಮೀ., ಅಲುಗುವುದಿಲ್ಲ. ಪಕ್ಕದ ಗೆರೆಯ ರೆಕ್ಕೆಗಳು ಹೊರಕ್ಕೆ ಬಿಚ್ಚಿಕೊಂಡಿವೆ. ಅದು ಜಾರುಪಟ್ಟಿಯ ಮೇಲಿದೆ, ಎಳೆದರೆ ಉದ್ದ, ತಳ್ಳಿದರೆ ಗಿಡ್ಡ. ಹಿಂಬದಿಯಲ್ಲಿ ಮಿಲಿಮೀಟರ್ ಅಳತೆ. ಎರಡೂ ಸಮ ಕಂಡಾಗ ನಿಲ್ಲಿಸಿ ಎಂದರೆ ಸಬ್ಜೆಕ್ಟ್ (ಪ್ರಯೋಗಕ್ಕೆ ಕೂತವರು) ನಿಲ್ಲಿಸುವುದು 15ಕ್ಕಿಂತ ಕಡಿಮೆಗೆ, ಏಕೆಂದರೆ ರೆಕ್ಕೆಯ ಗೆರೆ ಇರುವುದಕ್ಕಿಂತ ಉದ್ದ ಕಾಣುತ್ತದೆ. 12.6ಕ್ಕೆ ನಿಲ್ಲಿಸಿದರೆ ಭ್ರಮೆ 2.4 ಸೆಂ.ಮೀ., ಅಂದರೆ ಶೇ. 16.

ಮೊದಲ ಕೊರತೆ ಅಳತೆಪಟ್ಟಿಯದು. ಅದನ್ನು ಕೈಯಲ್ಲಿ ಅಂಟಿಸಿರುತ್ತಾರೆ. ಸ್ಟೀಲ್ ಸ್ಕೇಲ್ ಹಿಡಿದು ರೆಕ್ಕೆಯ ಗೆರೆಯನ್ನು ನಿಜವಾಗಿ 15ಕ್ಕೆ ನಿಲ್ಲಿಸಿ, ಹಲಗೆ ತಿರುಗಿಸಿ ಓದಿ. ಅಲ್ಲಿ 15.2 ತೋರಿಸಿದರೆ ಪ್ರತಿ ಅಳತೆಯಿಂದಲೂ 0.2 ಕಳೆಯಬೇಕು, ಆ ಸಂಖ್ಯೆಯನ್ನು ಹಲಗೆಯ ಬೆನ್ನಿಗೇ ಬರೆದಿಡಿ. ಎರಡನೆಯದು ಜಾರುಪಟ್ಟಿ. ಮಳೆಗಾಲದಲ್ಲಿ ಮರ ಉಬ್ಬಿ ಪಟ್ಟಿ ಬಿಗಿಯುತ್ತದೆ. ಸಬ್ಜೆಕ್ಟ್ ಜೋರಾಗಿ ತಳ್ಳುತ್ತಾರೆ, ಪಟ್ಟಿ ಜರ್ರನೆ ಬೇಕಾದ ಜಾಗ ದಾಟಿ ನಿಲ್ಲುತ್ತದೆ, ಸಂಕೋಚದಿಂದ ‘ಸರಿ ಇದೆ’ ಅನ್ನುತ್ತಾರೆ. ಅಲ್ಲಿ ದಾಖಲಾಗುವುದು ಮರದ ಬಿಗಿತ, ಕಣ್ಣಿನ ಭ್ರಮೆಯಲ್ಲ. ಅಂಚುಗಳಿಗೆ ಮೇಣದ ಬತ್ತಿ ಉಜ್ಜಿದರೆ ಸಾಕು, ಎಣ್ಣೆ ಬೇಡ. ಎಣ್ಣೆ ಧೂಳು ಹಿಡಿದು ಇನ್ನಷ್ಟು ಬಿಗಿಯುತ್ತದೆ. ವಾರ್ನಿಷ್ ಹೊಳಪಿದ್ದರೆ ಹಲಗೆಯನ್ನು ಟ್ಯೂಬ್‌ಲೈಟಿಗೆ ಎದುರಾಗಿ ಇಡಬೇಡಿ.

ಜೊತೆಗೆ ಬರುವ ಸೂಚನಾ ಹಾಳೆಯನ್ನು ನಂಬಬೇಡಿ. ಒಂದೇ ದಿಕ್ಕಿನಲ್ಲಿ 10 ಸಲ ಮಾಡಿ ಸರಾಸರಿ ತೆಗೆಯಿರಿ ಅನ್ನುತ್ತದೆ. ಈ ಹಲಗೆ ಕಲಿಸಬೇಕಾದ ಪಾಠವೇ ಅಲ್ಲಿ ಕಳೆದುಹೋಗುತ್ತದೆ. ಗಿಡ್ಡದಿಂದ ಹೊರಕ್ಕೆ ಎಳೆಯುವವರು ಬೇಗ ನಿಲ್ಲಿಸಬಹುದು, ಉದ್ದದಿಂದ ಒಳಕ್ಕೆ ತಳ್ಳುವವರೂ ಬೇಗ ನಿಲ್ಲಿಸಬಹುದು. ಇದು ಚಲನೆಯ ದೋಷ. ರೆಕ್ಕೆಯ ಗೆರೆ ಬಲಕ್ಕಿದೆಯೋ ಎಡಕ್ಕಿದೆಯೋ ಎಂಬುದರಿಂದ ಬರುವುದು ಸ್ಥಳದ ದೋಷ. ಆದ್ದರಿಂದ ನಾಲ್ಕು ಸ್ಥಿತಿ: ಬಲ-ಹೊರಕ್ಕೆ, ಬಲ-ಒಳಕ್ಕೆ, ಎಡ-ಹೊರಕ್ಕೆ, ಎಡ-ಒಳಕ್ಕೆ. ಒಂದೊಂದಕ್ಕೆ 10, ಒಟ್ಟು 40. ಸಾಲಾಗಿ 10 ಮುಗಿಸದೆ ಐದೈದು ಮಾಡಿ: ನಾಲ್ಕೂ ಸ್ಥಿತಿ ಮುಗಿದ ಮೇಲೆ ಅದೇ ನಾಲ್ಕನ್ನು ಹಿಂದುಮುಂದಾಗಿ. ಇಲ್ಲದಿದ್ದರೆ ಅಭ್ಯಾಸದ ಲಾಭವೂ ಕೊನೆಗೆ ಬರುವ ದಣಿವೂ ಒಂದೇ ಸ್ಥಿತಿಯ ಲೆಕ್ಕಕ್ಕೆ ಬೀಳುತ್ತವೆ. ಹೊರಕ್ಕೆ-ಒಳಕ್ಕೆ ಸರಾಸರಿಗಳ ವ್ಯತ್ಯಾಸದ ಅರ್ಧ ಚಲನೆಯ ದೋಷ, ಬಲ-ಎಡದ್ದರ ಅರ್ಧ ಸ್ಥಳದ ದೋಷ.

ರೆಕ್ಕೆಯ ಗೆರೆಯನ್ನು ಎಡಕ್ಕೆ ತರಲು ಹಲಗೆಯನ್ನೇ ತಲೆಕೆಳಗು ಮಾಡುತ್ತೀರಿ. ಆಗ ಹಿಂದಿನ ಅಂಕಿಗಳೂ ತಲೆಕೆಳಗು. 6 ಮತ್ತು 9 ಅದಲುಬದಲಾಗುವುದು ಇಲ್ಲೇ. ಪ್ರತಿ ಅಂಕಿಯ ಪಕ್ಕ ತಿರುಗಿಸಿ ಇನ್ನೊಮ್ಮೆ ಪೆನ್ಸಿಲಿನಲ್ಲಿ ಬರೆದುಬಿಡಿ. ಅಳತೆಯನ್ನು ಬಾಯಿಬಿಟ್ಟು ಹೇಳಲೇಬೇಡಿ. ‘ಹನ್ನೆರಡೂವರೆ’ ಎಂದು ಒಮ್ಮೆ ಕಿವಿಗೆ ಬಿದ್ದರೆ ಸಬ್ಜೆಕ್ಟ್ ಮುಂದೆ ಅದನ್ನೇ ಸರಿಪಡಿಸಲು ಹೋಗುತ್ತಾರೆ.

ಇಷ್ಟು ಚಿಕ್ಕ ವಸ್ತುವಿನಲ್ಲಿ ಮೊದಲ ವರ್ಷದ ಪಠ್ಯದ ಬಹುಪಾಲು ಅಡಗಿದೆ, ನನಗೆ ಇದು ಇಷ್ಟವಾಗುವುದು ಅದಕ್ಕೇ. ಜರ್ಮನಿಯ ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯ ತೆರೆದ ಹತ್ತು ವರ್ಷಕ್ಕೆ, 1889ರಲ್ಲಿ, ಮುಲ್ಲರ್-ಲೈಯರ್‌ನ ಈ ಚಿತ್ರ ಪ್ರಕಟವಾಯಿತು. ನೋಡುವಾಗ ಏನನ್ನಿಸಿತು ಎಂದು ಕೇಳಿ ಬರೆದುಕೊಂಡರೆ ಅದು ವುಂಟ್‌ನ ಶಿಷ್ಯ ಟಿಚ್ನರ್‌ನ ಅಂತರಾವಲೋಕನದ, ಅಂದರೆ ತನ್ನ ಅನುಭವವನ್ನು ತಾನೇ ಗಮನಿಸಿ ಹೇಳುವ ದಾರಿ. ಅಳತೆಯನ್ನಷ್ಟೇ ನಂಬಿದರೆ, ಹೊರಗೆ ಕಾಣುವ ವರ್ತನೆಯನ್ನಷ್ಟೇ ಅಧ್ಯಯನ ಮಾಡಬೇಕು ಎಂದ 1913ರ ವಾಟ್ಸನ್‌ನ ದಾರಿ. ಇಂಥದೇ ಚಿತ್ರವನ್ನು 1898ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ನಡುವಿನ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಒಯ್ದ ಇಂಗ್ಲಿಷ್ ಸಂಶೋಧಕ ರಿವರ್ಸ್‌ಗೆ ಅಲ್ಲಿನ ಜನ ಇಂಗ್ಲಿಷರಿಗಿಂತ ಕಡಿಮೆ ಭ್ರಮೆಗೆ ಒಳಗಾಗುವುದು ಕಂಡಿತು. ಸಂಸ್ಕೃತಿಯ ದೃಷ್ಟಿಕೋನವನ್ನು ಪಾಠ ಮಾಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನಮ್ಮ ಊರಿಗೂ ಈ ಪರಂಪರೆ ಹೊಸದಲ್ಲ: ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಶುರುಮಾಡಿದವರೂ ಅವರೇ.

ಜೊತೆಗೆ ಕನ್ನಡಿ ಚಿತ್ರಣದ (ಕೈಯನ್ನು ಕನ್ನಡಿಯಲ್ಲಷ್ಟೇ ನೋಡುತ್ತ ಚಿತ್ರದ ಗೆರೆ ತಿದ್ದುವ ಪ್ರಯೋಗದ) ಸೆಟ್ಟನ್ನೂ ಕೊಳ್ಳಿ ಅನ್ನುತ್ತಾರೆ. ಬೇಡ. ಅದರ ಮರೆಪಟ್ಟಿ ಗಿಡ್ಡ, ಸ್ವಲ್ಪ ಎತ್ತರದವರು ಬಗ್ಗಿದರೆ ಕೈ ನೇರವಾಗಿ ಕಾಣುತ್ತದೆ, ಅಲ್ಲಿಗೆ ಪ್ರಯೋಗ ಕೆಟ್ಟಂತೆ. ಮುಖ ನೋಡುವ ಕನ್ನಡಿ, ರಟ್ಟಿನ ಪೆಟ್ಟಿಗೆ, ಜೋಡಿಗೆರೆಯಲ್ಲಿ ಬರೆದ ಆರು ಮೂಲೆಯ ನಕ್ಷತ್ರದ ಹಾಳೆ, ಇಷ್ಟರಲ್ಲೇ ಅದು ಚೆನ್ನಾಗಿ ಆಗುತ್ತದೆ.

ಹಲಗೆಗೆ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಅದನ್ನು ನೆಟ್ಟಗೆ ನಿಲ್ಲಿಸಿ, ಪಟ್ಟಿಯನ್ನು ಎರಡು ಬೆರಳಲ್ಲಿ ಎಳೆದು ನೋಡಿ. ತಾನಾಗಿ ಜಾರಬಾರದು, ತಡೆತಡೆದು ಬರಲೂಬಾರದು. ತಾನಾಗಿ ಜಾರುವ ಹಲಗೆ ಕೊಟ್ಟರೆ ಬೇರೆ ಕೇಳಿ. ಬಿಗಿಯಾದದ್ದನ್ನು ಮೇಣದಿಂದ ಸರಿಮಾಡಬಹುದು, ಸಡಿಲವಾದದ್ದಕ್ಕೆ ಮದ್ದಿಲ್ಲ.