ಸನ್ಮಾನದ ದಿನಕ್ಕೆಂದು ವಿಕಿಪೀಡಿಯ ಪುಟ ಮಾಡಹೊರಟವರು ಮೊದಲು ಇದನ್ನು ಓದಿ

ಉಡುಪಿ ಕಡೆಯ ಒಂದು ಸನ್ಮಾನ ಸಮಿತಿಗೆ ಆದ ಪಾಡು ಇದು. ಹೆಸರಾಂತ ಯಕ್ಷಗಾನ ಭಾಗವತರೊಬ್ಬರ ಸನ್ಮಾನ. ವೇದಿಕೆಯಲ್ಲಿ ಅವರ ವಿಕಿಪೀಡಿಯ ಪುಟದ ಲೋಕಾರ್ಪಣೆ ಎಂದು ಆಮಂತ್ರಣದಲ್ಲಿ ಅಚ್ಚಾಗಿಯೂ ಆಗಿತ್ತು. ಹಿಂದಿನ ರಾತ್ರಿ ನಾಲ್ಕೈದು ಹುಡುಗರು ಕೂತು ಪುಟ ಎಬ್ಬಿಸಿದರು, ಬೆಳಗಾಗುವಷ್ಟರಲ್ಲಿ ಅದು ಅಳಿಸಿಹೋಗಿತ್ತು. ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಬಂದವನೊಬ್ಬ ತಾನು ವಿಕಿಪೀಡಿಯ ಅಡ್ಮಿನ್ (ನಿರ್ವಾಹಕ) ಎಂದು ನಂಬಿಸಿ, ಪುಟ ವಾಪಸ್ ತರುತ್ತೇನೆಂದು ಮುಂಗಡ ಇಸಕೊಂಡು ಮಾಯವಾದ. ನಮ್ಮ ಕರಾವಳಿಯಲ್ಲಿ ಸನ್ಮಾನಗಳಿಗೆ ಬರವಿಲ್ಲ, ಹಾಗಾಗಿ ವಿವರವಾಗಿಯೇ ಬರೆಯುತ್ತೇವೆ.

ಪುಟ ಹೋದದ್ದು ಮುಖ್ಯವಾಗಿ ಅಭಿನಂದನ ಗ್ರಂಥದಿಂದ. ಅದರ ಪರಿಚಯ ಲೇಖನವನ್ನು ಇದ್ದ ಹಾಗೇ ಅಂಟಿಸಿದ್ದರು. ಗ್ರಂಥ ಸಮಿತಿಯದ್ದೇ ಇರಬಹುದು, ಆದರೆ ಲೇಖನದ ಹಕ್ಕು ಸಾಮಾನ್ಯವಾಗಿ ಬರೆದವರದ್ದು. ಅವರು ಅದನ್ನು ವಿಕಿಪೀಡಿಯ ಬಳಸುವ ಮುಕ್ತ ಪರವಾನಗಿಯಾದ ಸಿಸಿ ಬೈ-ಎಸ್‌ಎ 4.0 ಪರವಾನಗಿಯಲ್ಲಿ ಬಿಟ್ಟುಕೊಡಬೇಕು. ಅಂದರೆ ನಾಳೆ ಯಾರೋ ಅದನ್ನು ಅಚ್ಚು ಹಾಕಿ ಮಾರಿದರೂ ಬೇಡ ಎನ್ನುವಂತಿಲ್ಲ. ಫೋಟೋಕ್ಕೂ ಇದೇ ಲೆಕ್ಕ: ಫೋಟೋದಲ್ಲಿ ಇರುವವರ ಒಪ್ಪಿಗೆ ಸಾಲದು, ಕ್ಲಿಕ್ಕಿಸಿದವರ ಒಪ್ಪಿಗೆ ಬೇಕು. ಅತಿ ಸುಲಭದ ದಾರಿಯೆಂದರೆ ಸಮಿತಿಯವರೇ ಒಬ್ಬರು ಮೊಬೈಲಿನಲ್ಲಿ ಫೋಟೋ ತೆಗೆದು, ತಮ್ಮದೇ ಖಾತೆಯಿಂದ ವಿಕಿಪೀಡಿಯದ ಚಿತ್ರ ಭಂಡಾರವಾದ ಕಾಮನ್ಸ್‌ಗೆ ಏರಿಸುವುದು.

ಹಕ್ಕಿನ ತೊಡಕು ಬಿಡಿಸಿದರೂ ಆ ಬರಹ ಉಳಿಯುತ್ತಿರಲಿಲ್ಲ. "ಕಂಚಿನ ಕಂಠದ ಸರದಾರ" ಎಂಬ ಮಾತು ವೇದಿಕೆಗೆ ಸರಿ, ವಿಶ್ವಕೋಶಕ್ಕಲ್ಲ. ಸನ್ಮಾನಿಸುವವರೇ ಅಚ್ಚು ಹಾಕಿಸಿದ ಗ್ರಂಥ ಸ್ವತಂತ್ರ ಆಧಾರವೂ ಆಗುವುದಿಲ್ಲ. ಸಮಿತಿಗೆ ಸಂಬಂಧವಿಲ್ಲದವರು ಬರೆದ ಪತ್ರಿಕಾ ಲೇಖನ, ಪುಸ್ತಕ, ಪ್ರಶಸ್ತಿಯಾದರೆ ಸರಕಾರದ ಅಥವಾ ಅಕಾಡೆಮಿಯ ಪ್ರಕಟಣೆ ಬೇಕು. ಇಂಥ ಎರಡು ಮೂರು ಗಟ್ಟಿ ಆಧಾರ ಕೈಯಲ್ಲಿ ಇಲ್ಲದಿದ್ದರೆ ಪುಟವನ್ನು ಶುರುಮಾಡಲೇಬೇಡಿ. ಬದುಕಿರುವವರ ಬಗ್ಗೆ ಆಧಾರವಿಲ್ಲದ ವಿವಾದದ ಸಾಲನ್ನು ಚರ್ಚೆಗೂ ಕಾಯದೆ ಕಿತ್ತುಹಾಕಬಹುದು, ಅದು ಅಲ್ಲಿನ ನಿಯಮ.

ಇನ್ನು ಹಲವು ಕೈಗಳ ಗೋಜಲು. ಈ ಹುಡುಗರು ಒಂದೇ ಖಾತೆಯ ಪಾಸ್‌ವರ್ಡ್ ಹಂಚಿಕೊಂಡಿದ್ದರು. ಒಂದು ಖಾತೆ ಒಬ್ಬರಿಗೇ; ಹಂಚಿಕೊಂಡದ್ದು ಗೊತ್ತಾದರೆ ಖಾತೆಯನ್ನೇ ತಡೆಹಿಡಿಯುತ್ತಾರೆ. ಒಂದೇ ವೈಫೈಯಿಂದ ದಿನಕ್ಕೆ ಆರಕ್ಕಿಂತ ಹೆಚ್ಚು ಹೊಸ ಖಾತೆ ತೆರೆಯಲು ಆಗುವುದೂ ಇಲ್ಲ, ಆದ್ದರಿಂದ ಮನೆಯಲ್ಲೇ ಮೊದಲೇ ತೆರೆದುಕೊಂಡು ಬನ್ನಿ. ಇಬ್ಬರು ಒಟ್ಟಿಗೆ ಒಂದೇ ಭಾಗವನ್ನು ತಿದ್ದಿದರೆ ಎರಡನೆಯವರಿಗೆ ಸಂಪಾದನಾ ಸಂಘರ್ಷದ ಪರದೆ ಬರುತ್ತದೆ. ಅಲ್ಲಿ ಅವಸರದಲ್ಲಿ ತಮ್ಮದನ್ನೇ ಮೇಲೆ ಅಂಟಿಸಿದರೆ ಮೊದಲನೆಯವರ ಕೆಲಸ ನೀರಿಗೆ. ಬಾಲ್ಯ ಒಬ್ಬರಿಗೆ, ತಿರುಗಾಟ (ಮೇಳ ಅಂದರೆ ಯಕ್ಷಗಾನ ತಂಡದ ಜೊತೆಗಿನ ಸಂಚಾರ) ಇನ್ನೊಬ್ಬರಿಗೆ, ಪ್ರಶಸ್ತಿ ಮತ್ತೊಬ್ಬರಿಗೆ ಎಂದು ಹಂಚಿ, ಆಯಾ ವಿಭಾಗದ "ಸಂಪಾದಿಸಿ" ಕೊಂಡಿಯಿಂದಲೇ ಒಳಗೆ ಹೋಗಿ.

ಜಗಳ ಹತ್ತಿದ್ದು ಇಸವಿಗಳಲ್ಲಿ. ಭಾಗವತರು ಮೇಳ ಬಿಟ್ಟದ್ದು 1985ರಲ್ಲಿ ಎಂದು ಒಬ್ಬ, 1986 ಎಂದು ಇನ್ನೊಬ್ಬ, ಹಾಕುವುದು ತೆಗೆಯುವುದು ನಡೆದೇ ಇತ್ತು. ಇಬ್ಬರೂ ಸರಿಯೇ! ಮೇಳದ ತಿರುಗಾಟ ನವೆಂಬರ್ ಹೊತ್ತಿಗೆ ಹೊರಟು ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ದಿನಕ್ಕೆ ಮುಗಿಯುತ್ತದೆ, ಎರಡು ಇಸವಿಗಳಿಗೆ ಕಾಲು ಚಾಚುತ್ತದೆ. "1985–86ರ ತಿರುಗಾಟ" ಎಂದು ಬರೆದರೆ ತಕರಾರೇ ಇಲ್ಲ. 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ತಿದ್ದುಪಡಿ ರದ್ದು ಮಾಡುವುದು ಇಂಗ್ಲಿಷ್ ವಿಕಿಪೀಡಿಯದಲ್ಲಿ ನಿರ್ಬಂಧಕ್ಕೆ ದಾರಿ. ಕನ್ನಡದಲ್ಲೂ ಅಲ್ಲಿಯವರೆಗೆ ಎಳೆಯಬೇಡಿ, ಲೇಖನದ ಜೊತೆಗೇ ಇರುವ ಚರ್ಚೆ ಪುಟಕ್ಕೆ ಹೋಗಿ.

ಹುಟ್ಟಿದ ಊರಿನದೂ ಇದೇ ರಗಳೆ. ಶಿವರಾಮ ಕಾರಂತರು 1902ರಲ್ಲಿ ಕೋಟದಲ್ಲಿ ಹುಟ್ಟುವಾಗ ಉಡುಪಿ ಜಿಲ್ಲೆ ಇರಲೇ ಇಲ್ಲ, ಅದು ಆದದ್ದು 1997ರಲ್ಲಿ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಹುಟ್ಟಿದ 1915ರಲ್ಲಿ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು, ಕೇರಳಕ್ಕೆ ಹೋದದ್ದು 1956ರಲ್ಲಿ. ಆ ಕಾಲದ ಜಿಲ್ಲೆ ಬರೆದು "ಈಗಿನ" ಎಂದು ಇಂದಿನದನ್ನೂ ಸೇರಿಸಿ.

ಜನ್ಮದಿನಾಂಕದ ವಿಷಯದಲ್ಲಿ ಆದದ್ದು ನಿಜಕ್ಕೂ ಅಪಾಯದ ಕೆಲಸ. ಶಾಲೆಯ ದಾಖಲೆಯ ತಾರೀಕಿಗೂ ಜಾತಕದ ತಾರೀಕಿಗೂ ತಾಳೆಯಾಗದೆ, ಪುರಾವೆಯೆಂದು ಒಬ್ಬ ಆಧಾರ್ ಸಂಖ್ಯೆ ಸಮೇತ ಚರ್ಚೆ ಪುಟದಲ್ಲಿ ಬರೆದುಬಿಟ್ಟ. ಆಮೇಲೆ ಅಳಿಸಿದರೂ "ಇತಿಹಾಸ" ಒತ್ತಿದ ಯಾರಿಗಾದರೂ ಅದು ಕಾಣುತ್ತದೆ. ಹಳೆಯ ಆವೃತ್ತಿಯನ್ನು ಮರೆಮಾಡುವ ಅಧಿಕಾರ ಇರುವವರಿಗೆ ಕೂಡಲೇ ಖಾಸಗಿಯಾಗಿ ಇಮೇಲ್ ಮಾಡಬೇಕು. ಕನ್ನಡ ವಿಕಿಪೀಡಿಯದ ಸಾರ್ವಜನಿಕ ಚರ್ಚೆಯ ಪುಟವಾದ ಅರಳಿ ಕಟ್ಟೆಯಲ್ಲಿ ಕೂಗಿದರೆ ನೋಡದವರೂ ನೋಡುತ್ತಾರೆ. ಪ್ರಕಟವಾದ ಆಧಾರಗಳಲ್ಲಿ ಪೂರ್ಣ ತಾರೀಕು ಇಲ್ಲವೇ? ಇಸವಿಯಷ್ಟೇ ಸಾಕು.

ವಂಚಕನಿಗೆ ಫೋನ್ ನಂಬರ್ ಸಿಕ್ಕಿದ್ದು ಹೇಗೆ? ಆಧಾರವೆಂದು ಆಮಂತ್ರಣ ಪತ್ರಿಕೆಯನ್ನೇ ಕಾಮನ್ಸ್‌ಗೆ ಏರಿಸಿದ್ದರು, ಕೆಳಗೆ ಸಂಚಾಲಕರ ಮೊಬೈಲ್ ನಂಬರ್ ಇತ್ತು. ಯಾವ ಪುಟ ಯಾವಾಗ ಅಳಿಸಿತು ಎಂಬ ದಿನಚರಿ ಅಲ್ಲಿ ಎಲ್ಲರಿಗೂ ತೆರೆದೇ ಇರುತ್ತದೆ. ಈ ಆಟ ಹೊಸತಲ್ಲ. ತಿರಸ್ಕೃತ ಪುಟಗಳ ಬೆನ್ನುಹತ್ತಿ ಹಣ ಕೇಳುತ್ತಿದ್ದ ಜಾಲವೊಂದರ 381 ಖಾತೆಗಳನ್ನು 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯ ಮುಚ್ಚಿಸಿತ್ತು.

ಯಾರಾದರೂ ಅಡ್ಮಿನ್ ಎಂದು ಹೇಳಿಕೊಂಡರೆ ಅವರ ಬಳಕೆದಾರ ಹೆಸರು ಕೇಳಿ, ಅದೇ ಖಾತೆಯಿಂದ ನಿಮ್ಮ ಚರ್ಚೆ ಪುಟದಲ್ಲಿ ಒಂದು ಸಾಲು ಬರೆಯಲು ಹೇಳಿ. ನಿರ್ವಾಹಕರ ಪಟ್ಟಿ ಅಲ್ಲೇ ಇದೆ, ಹೋಲಿಸಿ ನೋಡಬಹುದು. ಪುಟವನ್ನು ಮರಳಿ ತರಲು ಶುಲ್ಕವೇ ಇಲ್ಲ; ಅಳಿಸಿದ ನಿರ್ವಾಹಕರನ್ನು ಅವರ ಚರ್ಚೆ ಪುಟದಲ್ಲಿ ಕೇಳಿದರೆ ಸಾಕು, ಆದರೆ ನಕಲು ಮಾಡಿದ ಬರಹವನ್ನು ಮಾತ್ರ ಕೊಡುವುದಿಲ್ಲ. ಹಣ ಪಡೆದು ಬರೆಯುವವರು ಯಾರಿಂದ ಪಡೆದೆ ಎಂದು ವಿಕಿಪೀಡಿಯದಲ್ಲೇ ಬಹಿರಂಗಪಡಿಸಬೇಕು. ಅದಕ್ಕೆ ಒಪ್ಪದವರ ಜೊತೆ ವ್ಯವಹಾರವೇ ಬೇಡ. ಈಗಾಗಲೇ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವಾಟ್ಸ್ಆ್ಯಪ್ ಮಾತುಕತೆಯನ್ನು ಅಳಿಸಬೇಡಿ.